ಕೋಲ್ಕತ್ತಾದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ: ಗೋರಿ ಹುಡುಕುವುದು, ಶಾಸನ ಓದುವುದು ಹೇಗೆ

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಹೆಚ್ಚಾಗಿ ಬಿಳಿಯರನ್ನು ಮಣ್ಣು ಮಾಡಿದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನಕ್ಕೆ ಹೋದ ಬಹಳಷ್ಟು ಮಂದಿ ಅರ್ಧ ಗಂಟೆಯಲ್ಲಿ ಹೊರಗೆ ಬಂದುಬಿಡುತ್ತಾರೆ. ಬಾಗಿಲಿನಿಂದ ನೇರ ಹೋಗುವ ದಾರಿಯಲ್ಲಿ ನಡೆದು, ಪಾಚಿ ಹಿಡಿದ ಪಿರಮಿಡ್ಡುಗಳ ಎದುರು ನಾಲ್ಕು ಫೋಟೊ ತೆಗೆದುಕೊಂಡರೆ ಅವರ ಪಾಲಿಗೆ ಮುಗಿಯಿತು. ಒಳಗೆ ಮಲಗಿರುವವರು ಯಾರು ಎಂದು ಕೇಳಿದರೆ ಒಂದು ಹೆಸರೂ ಬಾಯಿಗೆ ಬರುವುದಿಲ್ಲ. ತಪ್ಪು ಅವರದಲ್ಲ. ಹೆಸರು ಬರೆದ ಕಲ್ಲುಗಳು ಎಷ್ಟೋ ಕಡೆ ಮಸುಕಾಗಿವೆ, ಕೆಲವು ಕಡೆ ಇಲ್ಲವೇ ಇಲ್ಲ. ದಾರಿ ತೋರುವ ಫಲಕಗಳೂ ಕಡಿಮೆ. ಯಾರ ಗೋರಿ ನೋಡಬೇಕೆಂದು ಮೊದಲೇ ಬರೆದುಕೊಂಡು, ಬೆಳಕು ಸರಿಯಾಗಿರುವ ಹೊತ್ತಿಗೆ ಹೋದರೆ ಇದೇ ಜಾಗದಲ್ಲಿ ಎರಡೂವರೆ ಗಂಟೆ ಸಾಲುವುದಿಲ್ಲ.

ಕನ್ನಡಿಗರಿಗಂತೂ ಇಲ್ಲಿಗೆ ಹೋಗಲು ಪ್ರತ್ಯೇಕ ಕಾರಣವೇ ಇದೆ. ನಮ್ಮ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳದ ಚರಿತ್ರೆಗಳನ್ನು, ಬರೆಸಿ ಕೂಡಿಟ್ಟ ಕರ್ನಲ್ ಕಾಲಿನ್ ಮೆಕೆಂಜಿ ಮಣ್ಣಾದದ್ದು ಇಲ್ಲಿಯೇ. ಅವನ ವಿಷಯ ಮುಂದೆ ಬರುತ್ತದೆ.

ತಲುಪುವುದು

ಬೆಂಗಳೂರಿನಿಂದ ರೈಲಿನಲ್ಲಿ ಹೋದವರು ಹೌರಾದಲ್ಲಿ ಇಳಿಯುತ್ತಾರೆ. ನಿಲ್ದಾಣದ ಕೆಳಗಿನಿಂದಲೇ ಗ್ರೀನ್ ಲೈನ್ ಮೆಟ್ರೊ ಹೂಗ್ಲಿ ನದಿಯಡಿ ಹಾದು ಎಸ್ಪ್ಲನೇಡಿಗೆ ಹೋಗುತ್ತದೆ. ಅಲ್ಲಿ ಬ್ಲೂ ಲೈನಿಗೆ ಬದಲಾಯಿಸಿ, ದಕ್ಷಿಣದ ಕಡೆಗೆ ಒಂದೇ ನಿಲ್ದಾಣ ಮುಂದೆ ಹೋದರೆ ಪಾರ್ಕ್ ಸ್ಟ್ರೀಟ್. ಹೆಸರು ಕೇಳಿ ಸ್ಮಶಾನ ಅಲ್ಲೇ ಪಕ್ಕದಲ್ಲಿದೆ ಎಂದುಕೊಳ್ಳಬೇಡಿ. ನಿಲ್ದಾಣ ರಸ್ತೆಯ ಪಶ್ಚಿಮದ ತುದಿಯಲ್ಲಿದೆ, ಸ್ಮಶಾನ ಪೂರ್ವದ ತುದಿಯಲ್ಲಿ, ಮಲ್ಲಿಕ್ ಬಜಾರ್ ವೃತ್ತದ ಹತ್ತಿರ. ನಡುವೆ ಇಪ್ಪತ್ತು ನಿಮಿಷದ ನಡಿಗೆ. ಟ್ಯಾಕ್ಸಿಯವರಿಗೆ ‘ಮಲ್ಲಿಕ್ ಬಜಾರ್’ ಎನ್ನಿ, ತಕ್ಷಣ ಗೊತ್ತಾಗುತ್ತದೆ. ದಾರಿಹೋಕರನ್ನು ಕೇಳುವುದಾದರೆ ‘ಪಾರ್ಕ್ ಸ್ಟ್ರೀಟ್ ಗೋರೊಸ್ಥಾನ್’ ಎಂದರೆ ಸಾಕು. ರಸ್ತೆಯ ಈಗಿನ ಅಧಿಕೃತ ಹೆಸರು ಮದರ್ ತೆರೆಸಾ ಸರಣಿ, ನಕ್ಷೆಯಲ್ಲಿ ಹಾಗೆ ಕಂಡರೆ ಗಲಿಬಿಲಿ ಬೇಡ.

ನಡೆಯುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಚೌರಂಗಿಯ ಮೂಲೆಯಲ್ಲಿ, ಪಾರ್ಕ್ ಸ್ಟ್ರೀಟಿನ ಒಂದನೇ ನಂಬರಿನಲ್ಲಿ ಏಷ್ಯಾಟಿಕ್ ಸೊಸೈಟಿ ಇದೆ. ಅದನ್ನು 1784ರಲ್ಲಿ ಕಟ್ಟಿದ ವಿಲಿಯಂ ಜೋನ್ಸ್ ಇದೇ ರಸ್ತೆಯ ಇನ್ನೊಂದು ತುದಿಯಲ್ಲಿ ಮಲಗಿದ್ದಾನೆ. ಊರಿನ ಹೊರಗಿದ್ದ ಸ್ಮಶಾನಕ್ಕೆ ಹೆಣ ಒಯ್ಯುವ ದಾರಿಯಾಗಿದ್ದರಿಂದ ಈ ರಸ್ತೆಗೆ ಹಿಂದೆ ಬರಿಯಲ್ ಗ್ರೌಂಡ್ ರೋಡ್ ಎಂದೇ ಹೆಸರಿತ್ತು. ನ್ಯಾಯಾಧೀಶ ಎಲಿಜಾ ಇಂಪೆಯ ಜಿಂಕೆ ವನದಿಂದಾಗಿ ‘ಪಾರ್ಕ್’ ಬಂದದ್ದು ಆಮೇಲೆ. ದಾರಿಯುದ್ದಕ್ಕೂ ಕಾಫಿ, ತಿಂಡಿಗೆ ಬೇಕಾದಷ್ಟು ಜಾಗಗಳಿವೆ. ತಿನ್ನುವುದು, ಶೌಚಾಲಯ ಎರಡನ್ನೂ ಅಲ್ಲೇ ಮುಗಿಸಿಕೊಳ್ಳಿ, ಒಳಗಿನ ಸೌಕರ್ಯವನ್ನು ನೆಚ್ಚಬೇಡಿ.

ಹೊತ್ತು, ಋತು, ಜೊತೆಗೆ ಒಯ್ಯುವುದು

ನಮ್ಮ ಕಡೆಯಿಂದ ಹೋದವರು ಎಡವುವುದು ಸೂರ್ಯನ ವಿಷಯದಲ್ಲಿ. ಕೋಲ್ಕತ್ತಾ ಬಹಳ ಪೂರ್ವಕ್ಕಿದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಅಲ್ಲಿ ಸೂರ್ಯ ಮುಳುಗಿರುತ್ತಾನೆ, ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಒಳಗೆ ದೊಡ್ಡ ಮರಗಳ ನೆರಳು ಬೇರೆ. ಮೂರೂವರೆಯ ಹೊತ್ತಿಗೇ ಅಕ್ಷರ ಓದುವುದು ಕಷ್ಟ. ಊಟ ಮುಗಿಸಿ ನಿಧಾನಕ್ಕೆ ಹೋಗೋಣ ಎನ್ನದೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಹತ್ತರ ಸುಮಾರಿಗೆ, ಅಲ್ಲಿರಿ. ಸಮಯ ಮತ್ತು ರಜೆ ಬದಲಾಗುವುದುಂಟು, ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.

ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಉತ್ತಮ. ಏಪ್ರಿಲ್, ಮೇ ತಿಂಗಳ ಸೆಖೆಯನ್ನು ಮೈಸೂರು, ಬೆಂಗಳೂರಿನವರು ತಡೆಯುವುದು ಕಷ್ಟ, ಕರಾವಳಿಯವರು ಹೇಗೋ ಸಹಿಸಿಯಾರು. ಜೂನಿನಿಂದ ಸೆಪ್ಟೆಂಬರಿನ ತನಕ ಹಸಿರು ಚೆಂದವೇನೋ ಹೌದು, ಆದರೆ ಇಟ್ಟಿಗೆಯ ದಾರಿಯಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ, ಹುಲ್ಲಿನಡಿ ಏನಿದೆ ಎಂದು ಕಾಣಿಸುವುದಿಲ್ಲ, ಗಾಳಿಮಳೆಗೆ ಒಣಗಿದ ಕೊಂಬೆ ಬೀಳುತ್ತದೆ. ಸೊಳ್ಳೆ ಮಾತ್ರ ವರ್ಷವಿಡೀ. ಮಳೆ ಮುಗಿದ ತಿಂಗಳುಗಳಲ್ಲಿ ಡೆಂಗಿಯ ಭಯವೂ ಇರುವುದರಿಂದ ತುಂಬುತೋಳಿನ ಅಂಗಿ, ಪೂರ್ತಿ ಪ್ಯಾಂಟು, ಬೆರಳು ಮುಚ್ಚುವ ಶೂ ಕಡ್ಡಾಯ. ಸೊಳ್ಳೆಯ ಮುಲಾಮನ್ನು ಬಾಗಿಲಿನಲ್ಲೇ ಹಚ್ಚಿಕೊಳ್ಳಿ.

ಇಬ್ಬರಿಗೆ ಒಂದೂವರೆ ಲೀಟರ್ ನೀರು, ಟಿಕೆಟ್ಟಿಗೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು, ಒಂದು ಸಣ್ಣ ಟಾರ್ಚು, ಪೆನ್ಸಿಲ್ಲು, ಚಿಕ್ಕ ಪುಸ್ತಕ. ಇಷ್ಟಿದ್ದರೆ ಸಾಕು. ಫೋನಿನ ಟಾರ್ಚು ಸಾಲದೇ ಎನ್ನಬಹುದು, ಆದರೆ ಫೋಟೊ ತೆಗೆಯುವ ಫೋನಿನಲ್ಲೇ ಬೆಳಕೂ ಇದ್ದರೆ ಕಲ್ಲಿನ ಅಕ್ಷರ ಮೂಡುವುದಿಲ್ಲ. ಏಕೆಂದು ಮುಂದೆ ಹೇಳುತ್ತೇವೆ. ಟ್ರೈಪಾಡ್ ಅಥವಾ ದೊಡ್ಡ ಕ್ಯಾಮೆರಾ ತಂದಿದ್ದರೆ ಬಿಚ್ಚುವ ಮೊದಲು ಬಾಗಿಲಿನಲ್ಲಿ ಕೇಳಿ. ಮದುವೆ ಫೋಟೊ, ಜಾಹೀರಾತಿನ ಚಿತ್ರೀಕರಣಕ್ಕೆಲ್ಲ ಪ್ರತ್ಯೇಕ ಅನುಮತಿ ಬೇಕು.

ಮೊದಲು ಆಕಾರ, ಆಮೇಲೆ ಹೆಸರು

ಸ್ಮಶಾನ ತೆರೆದದ್ದು 1767ರಲ್ಲಿ. 1790ರಲ್ಲಿ ಮುಚ್ಚಿತು ಎಂದು ಹಲವು ಕಡೆ ಬರೆದಿರುತ್ತಾರೆ. ಒಳಗೆ ಹೋದರೆ 1794, 1800, 1828 ಎಂಬ ತಾರೀಖುಗಳು ಕಾಣುತ್ತವೆ. ಹೊಸ ಸ್ಮಶಾನಗಳು ಶುರುವಾದ ಮೇಲೂ ಇಲ್ಲಿ 1830ರ ದಶಕದವರೆಗೆ ಮಣ್ಣು ಮಾಡುತ್ತಿದ್ದರು. ಆ ತಾರೀಖು ನೋಡಿ ತಪ್ಪು ಜಾಗಕ್ಕೆ ಬಂದೆವೋ ಎಂದು ಅಂಜಬೇಕಿಲ್ಲ.

ಮೊದಲ ಇಪ್ಪತ್ತು ನಿಮಿಷ ಯಾರ ಹೆಸರನ್ನೂ ಹುಡುಕಬೇಡಿ. ನಡುದಾರಿಯಲ್ಲಿ ಕೊನೆಯವರೆಗೆ ಹೋಗಿ, ಅಡ್ಡದಾರಿಗಳಲ್ಲಿ ಸುತ್ತಿ ವಾಪಸ್ ಬನ್ನಿ. ಪಿರಮಿಡ್ಡು, ಒಬೆಲಿಸ್ಕ್ ಎನ್ನುವ ಚೌಕದ ಮೊನೆಗಂಬ, ಗ್ರೀಕ್ ಕಂಬಗಳ ಮಂಟಪ, ಗುಮ್ಮಟ, ನೆಲದ ಮೇಲೆ ಪೆಟ್ಟಿಗೆಯಂತೆ ಕಟ್ಟಿದ ಗೋರಿ ಎಲ್ಲವೂ ಕಲ್ಲಿನದೆಂದು ಕಂಡರೂ ಹೆಚ್ಚಿನವು ಇಟ್ಟಿಗೆಯವು. ಗಂಗೆಯ ಮೆಕ್ಕಲು ನೆಲದಲ್ಲಿ ಕಲ್ಲು ಎಲ್ಲಿಂದ ಬರಬೇಕು? ಇಟ್ಟಿಗೆ ಕಟ್ಟಿ, ಮೇಲೆ ಸುಣ್ಣದ ಗಾರೆ ಬಳಿದು, ಅದು ಹಸಿಯಿರುವಾಗಲೇ ಗೆರೆ ಎಳೆದು ಕಲ್ಲಿನ ತೋರಿಕೆ ಕೊಟ್ಟಿದ್ದಾರೆ. ಗಾರೆ ಉದುರಿದ ಒಂದು ಮೂಲೆಯ ಹತ್ತಿರ ಹೋಗಿ ನೋಡಿ: ತೆಳು ಇಟ್ಟಿಗೆಗಳ ಸಾಲು, ನಡುವೆ ಬಿಳಿ ಸುಣ್ಣ, ಅದರೊಳಗೆ ಕೆಂಪು ಇಟ್ಟಿಗೆಪುಡಿ. ಪಕ್ಕದಲ್ಲೇ ಈಚೆಗೆ ಬೂದುಬಣ್ಣದ ಸಿಮೆಂಟಿನಿಂದ ತೇಪೆ ಹಾಕಿದ್ದರೆ ಅದರ ಅಂಚಿನಲ್ಲೇ ಹಳೆಯ ಗಾರೆ ಹಪ್ಪಳದಂತೆ ಎದ್ದಿರುತ್ತದೆ. ನೆಲದ ತೇವ ಇಟ್ಟಿಗೆಯೊಳಗೆ ಏರುತ್ತದೆ, ಸುಣ್ಣ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಸಿಕ್ಕಿಬಿದ್ದ ನೀರು ಉಪ್ಪಿನೊಂದಿಗೆ ಪಕ್ಕದ ಗಾರೆಯನ್ನೇ ಒಡೆದುಕೊಂಡು ಬರುತ್ತದೆ. ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿತೆಂದರೆ ಉಳಿದ ಕೆಲಸವನ್ನು ಬೇರು ಮಾಡುತ್ತದೆ. ಆದ್ದರಿಂದಲೇ ಮಂಟಪಗಳ ಒಳಗೆ ಹೋಗಿ ನಿಲ್ಲಬಾರದು, ಮೆಟ್ಟಿಲು ಹತ್ತಬಾರದು, ಕಂಬಕ್ಕೆ ಒರಗಬಾರದು. ಗಟ್ಟಿಯಾಗಿ ಕಾಣುವ ಕಂಬದೊಳಗೆ ಇಟ್ಟಿಗೆ ಪುಡಿಯಾಗಿರಬಹುದು.

ಯಾರನ್ನು ನೋಡಬೇಕು

ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ತೀರಿಕೊಂಡ ವರ್ಷದ ಸಮೇತ ಚೀಟಿಯಲ್ಲಿ ಬರೆದುಕೊಂಡು ಬಾಗಿಲಿನಲ್ಲಿ ತೋರಿಸಿ. ಬಾಯಲ್ಲಿ ಹೇಳಿದರೆ ಉಚ್ಚಾರಣೆಯಲ್ಲಿ ಎಡವಟ್ಟಾಗುತ್ತದೆ. ನಕ್ಷೆ ಅಥವಾ ಕಿರುಪುಸ್ತಕ ಮಾರಾಟಕ್ಕಿದ್ದರೆ ಕೊಳ್ಳಿ.

ವಿಲಿಯಂ ಜೋನ್ಸನಿಂದ ಶುರುಮಾಡಿ. ಅವನ ಮೊನೆಗಂಬ ಇಲ್ಲಿ ಎಲ್ಲಕ್ಕಿಂತ ಎತ್ತರದ್ದು, ದಾರಿ ತಪ್ಪಿದರೆ ಅದೇ ಗುರುತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು 1786ರ ಭಾಷಣದಲ್ಲಿ ಹೇಳಿದವನು, 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದವನು. 1794ರ ಏಪ್ರಿಲ್ 27ರಂದು ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ. ಇಲ್ಲಿ ವಯಸ್ಸು ಓದುತ್ತ ಹೋದರೆ ಅದೇ ದೀರ್ಘಾಯುಷ್ಯ ಎನ್ನಿಸುತ್ತದೆ. ಕಂಪನಿಯ ಕಾಲದ ಕಲ್ಕತ್ತೆಗೆ ಬಂದ ಬಿಳಿಯರ ಆಯುಸ್ಸು ಎರಡು ಮಳೆಗಾಲ ಎಂಬ ಮಾತೇ ಇತ್ತು.

ರೋಸ್ ಏಲ್ಮರಳ ಗೋರಿಗೆ ಆಕಾರವೇ ಗುರುತು, ಶಂಕುವಿನ ಮೈಮೇಲೆ ಸುತ್ತು ಸುತ್ತಾಗಿ ಗೆರೆ ಏರುತ್ತದೆ. 1800ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಹೊಟ್ಟೆಯ ಬೇನೆಯಿಂದ ತೀರಿಕೊಂಡಳು. ಅನಾನಸ್ ಅತಿಯಾಗಿ ತಿಂದದ್ದೇ ಕಾರಣ ಎಂದು ಆಗಿನ ಒಬ್ಬ ವಕೀಲ ಬರೆದಿಟ್ಟಿದ್ದಾನೆ. ಕಾಲರಾ ಇದ್ದೀತು ಎನ್ನುವುದು ಈಗಿನವರ ಅಂದಾಜು. ಅವಳನ್ನು ಮೆಚ್ಚಿದ್ದ ವಾಲ್ಟರ್ ಸ್ಯಾವೇಜ್ ಲ್ಯಾಂಡರ್ ಬರೆದ ಸಣ್ಣ ಕವನವನ್ನು ಗೋರಿಯ ಮೇಲೆ ಕೆತ್ತಿದ್ದಾರೆ. ಅಲ್ಲಿಂದ ವಾಲ್ಟರ್ ಲ್ಯಾಂಡರ್ ಡಿಕನ್ಸನ ಕಲ್ಲು ಹುಡುಕಿ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಎರಡನೆಯ ಮಗ, ಅದೇ ಕವಿಯ ಹೆಸರಿಟ್ಟುಕೊಂಡವನು, 1863ರ ಕೊನೆಯ ದಿನ ಕಲ್ಕತ್ತೆಯಲ್ಲಿ ಸತ್ತ. ಇಲ್ಲಿರುವುದು ಅವನ ಕಲ್ಲು ಮಾತ್ರ. ದೇಹ ಭವಾನಿಪುರದ ಮಿಲಿಟರಿ ಸ್ಮಶಾನದಲ್ಲಿದೆ. 1987ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಲ್ಲನ್ನು ಇಲ್ಲಿಗೆ ತಂದರು. 1863 ಎಂಬ ತಾರೀಖು ಈ ಸ್ಮಶಾನದಲ್ಲಿ ಹೇಗೆ ಎಂಬ ಪ್ರಶ್ನೆಗೆ ಉತ್ತರ ಇದು.

ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟನದು ಪುಟ್ಟ ದೇವಸ್ಥಾನವೇ ಸರಿ. ದಿನವೂ ಗಂಗಾಸ್ನಾನ ಮಾಡಿ, ದೇವರ ವಿಗ್ರಹ ಕೂಡಿಟ್ಟುಕೊಂಡಿದ್ದ ಈ ಐರಿಷ್ ಸೇನಾಧಿಕಾರಿಗೆ ಜನ ‘ಹಿಂದೂ ಸ್ಟುವರ್ಟ್’ ಎಂದು ಅಡ್ಡಹೆಸರಿಟ್ಟಿದ್ದರು. ತೀರಿಕೊಂಡದ್ದು 1828ರಲ್ಲಿ. ಬಾಗಿಲಿನ ಕಲ್ಲುಚೌಕಟ್ಟಿನ ಕೆತ್ತನೆಯನ್ನು ಹತ್ತಿರದಿಂದ ನೋಡಿ, ಮುಟ್ಟಬೇಡಿ. ಡಿರೋಜಿಯೋ ಇವರೆಲ್ಲರಿಗಿಂತ ಬೇರೆ. ಕಲ್ಕತ್ತೆಯಲ್ಲೇ 1809ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಿಂದೂ ಕಾಲೇಜಿನ ಮೇಷ್ಟ್ರಾಗಿ, ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ್ದಕ್ಕೆ ಕೆಲಸ ಕಳೆದುಕೊಂಡು, 1831ರ ಡಿಸೆಂಬರಿನಲ್ಲಿ ಕಾಲರಾದಿಂದ ಸತ್ತ. ಬಂಗಾಳಿಗಳು ಈ ಸ್ಮಶಾನಕ್ಕೆ ಬರುವುದು ಹೆಚ್ಚಾಗಿ ಅವನಿಗಾಗಿ.

ಗಿಡಮರದ ಆಸಕ್ತಿ ಇದ್ದವರು ಇನ್ನಿಬ್ಬರನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕು: 1787ರಲ್ಲಿ ಹೌರಾದ ಕಡೆ ಸಸ್ಯೋದ್ಯಾನ ಶುರುಮಾಡಿದ ರಾಬರ್ಟ್ ಕಿಡ್, ಮತ್ತು ಲೇಡಿ ಆ್ಯನ್ ಮಾನ್ಸನ್. ಸಸ್ಯಗಳಿಗೆ ಹೆಸರಿಡುವ ಕ್ರಮ ಕೊಟ್ಟ ಲಿನೇಯಸ್ ಒಂದು ಸಸ್ಯಕುಲಕ್ಕೆ ‘ಮಾನ್ಸೋನಿಯ’ ಎಂದು ಹೆಸರಿಟ್ಟದ್ದು ಈಕೆಯ ಗೌರವಕ್ಕೇ.

ಇನ್ನು ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಗಡಿ ಗುರುತಿಸಿ ನಕ್ಷೆ ಬರೆಯುವುದಷ್ಟೇ ಕೆಲಸವಾಗಿದ್ದರೂ ಆತ ಊರಿನ ಶಾನುಭೋಗರಿಂದ, ಮಠದವರಿಂದ, ಪಾಳೆಯಗಾರರ ವಂಶದವರಿಂದ ಸ್ಥಳದ ಚರಿತ್ರೆ ಬರೆಸಿಕೊಂಡ, ಶಾಸನಗಳನ್ನು ನಕಲು ಮಾಡಿಸಿದ. ನಿಜವಾದ ಕೆಲಸ ಮಾಡಿದವರು ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮಂದಿರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಅವರ ಹೆಸರು ಯಾವ ಗೋರಿಯ ಮೇಲೂ ಇಲ್ಲ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಜಿ 1821ರ ಮೇ 8ರಂದು ತೀರಿಕೊಂಡ. ಅವನ ಸಂಗ್ರಹವನ್ನು ಕಂಪನಿ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಅದರಲ್ಲಿನ ಕನ್ನಡದ ಕಾಗದಗಳು ಈಗ ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಚೀಟಿಯಲ್ಲಿ ಇವನ ಹೆಸರನ್ನು ಮೊದಲೇ ಬರೆಯಿರಿ. ಜೋನ್ಸನನ್ನು ಎಲ್ಲರೂ ಕೇಳುತ್ತಾರೆ, ಇವನನ್ನು ಕೇಳುವವರು ಅಪರೂಪ, ಹುಡುಕಲು ಹೊತ್ತು ಹಿಡಿಯಬಹುದು.

ಮಸುಕಾದ ಅಕ್ಷರ ಓದುವುದು

ನೇರ ಬೆಳಕಿನಲ್ಲಿ ಸವೆದ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದರೆ ಮಾತ್ರ ಓದಲಾಗುತ್ತದೆ, ಅದಕ್ಕೆ ಬೆಳಕು ಪಕ್ಕದಿಂದ ಬರಬೇಕು. ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿನ ಹತ್ತಿರ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಲಿ. ಇನ್ನೊಬ್ಬರು ನೇರ ಎದುರಿನಿಂದ, ಫ್ಲಾಶ್ ಆರಿಸಿ ಫೋಟೊ ತೆಗೆಯಲಿ. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯ ಬೆಳಕಿನಲ್ಲಿ ನಾಲ್ಕು ಚಿತ್ರ. ಎಡದಿಂದ ಬಂದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಿನಿಂದ ಬಂದ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ಬಿಸಿಲು ಜೋರಾಗಿದ್ದರೆ ಟಾರ್ಚು ಕೆಲಸಕ್ಕೆ ಬಾರದು. ಜೊತೆಯವರು ಛತ್ರಿ ಹಿಡಿದು ಕಲ್ಲಿಗೆ ನೆರಳು ಮಾಡಲಿ.

ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು, ಶೇವಿಂಗ್ ಫೋಮ್ ಹಚ್ಚುವುದು, ಕಾಗದವಿಟ್ಟು ಇದ್ದಿಲು ತಿಕ್ಕುವುದು ಯಾವುದೂ ಬೇಡ. ಸೀಮೆಸುಣ್ಣ ಸವೆದ ಅಮೃತಶಿಲೆಯನ್ನು ಇನ್ನಷ್ಟು ಸವೆಸುತ್ತದೆ, ಹಿಟ್ಟು ಬೂಷ್ಟಿಗೆ ಊಟವಾಗುತ್ತದೆ, ಫೋಮು ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ. ಪಾಚಿಯನ್ನು ಉಗುರಿನಿಂದ ಕೆರೆದರೆ ಅದರೊಂದಿಗೆ ಮೇಲ್ಪದರವೂ ಬರುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬರಹಕ್ಕೆ ಒಂದಿಷ್ಟು ಸಿದ್ಧತೆ ಬೇಕು. ಪದದ ನಡುವಿನ ‘ಎಸ್’ ಕೆಲವೊಮ್ಮೆ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ. ‘ರೆಲಿಕ್ಟ್’ ಎಂದರೆ ವಿಧವೆ. ‘ಓಬಿಟ್’ ಎಂದು ಮೊಟಕಾಗಿ ಬರೆದಿದ್ದರೆ ತೀರಿಕೊಂಡ ದಿನ, ‘ಈಟಾಟಿಸ್’ ಅಥವಾ ಅದರ ಮೊದಲ ಎರಡು ಅಕ್ಷರವಿದ್ದರೆ ವಯಸ್ಸು. ಎಚ್.ಸಿ.ಎಸ್. ಎಂದರೆ ಕಂಪನಿಯ ನೌಕರಿ, ಎನ್.ಐ. ಎಂದರೆ ದೇಶಿ ಸಿಪಾಯಿಗಳ ಪದಾತಿ ದಳ. ರೋಮನ್ ಅಂಕಿಯಲ್ಲಿ ಎಂ 1000, ಡಿ 500, ಸಿ 100, ಎಲ್ 50, ಎಕ್ಸ್ 10. ಸೇನೆಯವರ ಗೋರಿಗಳಲ್ಲಿ ‘ಸೆರಿಂಗಪಟಮ್’ ಎಂಬ ಪದಕ್ಕೆ ಕಣ್ಣಿಟ್ಟಿರಿ, ಅದು ನಮ್ಮ ಶ್ರೀರಂಗಪಟ್ಟಣ. ಓದಲಾಗದ ಸಾಲಿದ್ದರೆ ಅಂದಾಜಿನಿಂದ ತುಂಬಿಸದೆ ಚುಕ್ಕಿ ಇಟ್ಟು ಬರೆದುಕೊಳ್ಳಿ. ಕಲ್ಕತ್ತೆಯ ಗೋರಿಗಳ ಬರಹಗಳನ್ನು ಸಂಗ್ರಹಿಸಿ 1848ರಲ್ಲಿ ಅಚ್ಚು ಹಾಕಿದ ‘ಬೆಂಗಾಲ್ ಒಬಿಚುಯರಿ’ ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆಗ ಅಕ್ಷರ ಇನ್ನೂ ಚೆನ್ನಾಗಿದ್ದವು, ಹೋಲಿಸಿ ನೋಡಬಹುದು.

ಇಲ್ಲಿ ಹುಡುಕಬಾರದವರು

ಕಲ್ಕತ್ತೆಯಲ್ಲಿ ಸತ್ತ ಪ್ರಸಿದ್ಧ ಬಿಳಿಯರೆಲ್ಲ ಇಲ್ಲಿದ್ದಾರೆಂದು ತಿಳಿದು ಅಲೆಯುವವರುಂಟು. ಕಾದಂಬರಿಕಾರ ಥ್ಯಾಕರೆಯ ತಂದೆ, ಹೈದರಾಬಾದಿನಲ್ಲಿ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್ ಇಬ್ಬರೂ ರಸ್ತೆಯ ಆಚೆ ಬದಿಯ ನಾರ್ತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದ್ದರು. 1953ರಲ್ಲಿ ಅದನ್ನು ತೆರವು ಮಾಡಿದರು, ಈಗ ಅಲ್ಲಿ ಕಟ್ಟಡಗಳಿವೆ. ಕಲ್ಕತ್ತೆಯಲ್ಲಿ ಕಂಪನಿಯ ನೆಲೆ ಹಾಕಿದ ಜಾಬ್ ಚಾರ್ನಾಕನ ಗೋರಿ ಇರುವುದು ಬಿ.ಬಿ.ಡಿ. ಬಾಗ್ ಹತ್ತಿರದ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿ. ಅದಕ್ಕೂ ಒಮ್ಮೆ ಹೋಗಿಬರಬೇಕು: ಆ ಗೋರಿಯ ಕಲ್ಲನ್ನು ಕಂಡೇ ಭೂವಿಜ್ಞಾನಿ ಹಾಲೆಂಡ್ ಒಂದು ಶಿಲೆಗೆ ‘ಚಾರ್ನಾಕೈಟ್’ ಎಂದು ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಗಳು ಅದೇ ಜಾತಿಯವು. ಮದರ್ ತೆರೆಸಾ ಸಮಾಧಿ ಎ.ಜೆ.ಸಿ. ಬೋಸ್ ರಸ್ತೆಯ ಮದರ್ ಹೌಸಿನಲ್ಲಿದೆ, ಗುರುವಾರ ಅಲ್ಲಿ ಬಿಡುವುದಿಲ್ಲ.

ಮಧ್ಯಾಹ್ನ ಇನ್ನೂ ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಮಲ್ಲಿಕ್ ಬಜಾರ್ ವೃತ್ತದ ಹತ್ತಿರದಲ್ಲೇ ಇರುವ ಲೋವರ್ ಸರ್ಕ್ಯುಲರ್ ರೋಡ್ ಸ್ಮಶಾನಕ್ಕೆ ಹೋಗಿ. ಕವಿ ಮೈಕೆಲ್ ಮಧುಸೂದನ ದತ್ತ 1873ರ ಜೂನ್ 29ರಂದು ತೀರಿಕೊಂಡ, ಹೆಂಡತಿ ಹೆನ್ರಿಯೆಟ್ಟಾ ಅವನಿಗಿಂತ ಮೂರು ದಿನ ಮೊದಲು. ಇಬ್ಬರೂ ಅಲ್ಲಿ ಅಕ್ಕಪಕ್ಕದಲ್ಲಿದ್ದಾರೆ. ಬಂಗಾಳದಲ್ಲಿ ಹುಟ್ಟಿದ ದಾರಿಹೋಕ ಒಂದು ಕ್ಷಣ ನಿಲ್ಲಲಿ ಎಂದು ಕರೆಯುವ ಬಂಗಾಳಿ ಸಾಲುಗಳನ್ನು ತನ್ನ ಗೋರಿಗಾಗಿ ಅವನೇ ಬರೆದಿಟ್ಟಿದ್ದ. ಗಾಂಧಿ, ಟಾಗೋರರ ಗೆಳೆಯ ಸಿ.ಎಫ್. ಆ್ಯಂಡ್ರೂಸ್, ಹೆಣ್ಣುಮಕ್ಕಳ ಶಾಲೆ ತೆರೆದ ಬೆಥೂನ್ ಕೂಡ ಅಲ್ಲಿಯೇ. 1840ರಲ್ಲಿ ಶುರುವಾದ ಈ ಸ್ಮಶಾನದಲ್ಲಿ ಇಂದಿಗೂ ಮಣ್ಣು ಮಾಡುತ್ತಾರೆ. ಆದ್ದರಿಂದ ಬಾಗಿಲಿನಲ್ಲಿ ಹೇಳಿಯೇ ಒಳಗೆ ಹೋಗಿ, ಯಾರ ಗೋರಿ ನೋಡಬೇಕೆಂದು ತಿಳಿಸಿ, ಅಂತ್ಯಕ್ರಿಯೆ ನಡೆಯುತ್ತಿದ್ದರೆ ಕ್ಯಾಮೆರಾ ಚೀಲದಲ್ಲಿರಲಿ. ನವೆಂಬರ್ 2 ಕ್ರೈಸ್ತರು ತಮ್ಮ ಹಿರಿಯರ ಸಮಾಧಿಗೆ ಬಂದು ಹೂವು, ಮೇಣದಬತ್ತಿ ಇಡುವ ದಿನ. ಅಂದು ಅಲ್ಲಿಗೆ ಗೋರಿ ನೋಡಲು ಹೋಗುವುದು ಬೇಡ, ಮರುದಿನ ಹೋದರಾಯಿತು.